ರಾಷ್ಟ್ರಪತಿ ಚುನಾವಣೆ: ಶಾಸಕರ ಒಂದು ಮತ 131 ಆಗುವ ಲೆಕ್ಕ

ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು ಮತ್ತು ಶಾಸಕರು. ಕರ್ನಾಟಕದ ಶಾಸಕರೊಬ್ಬರ ಮತದ ಮೌಲ್ಯ 131. ಈ ಲೆಕ್ಕಕ್ಕೆ ಭಾಗಾಕಾರ ಬಂದರೆ ಸಾಕು. ಎಲ್ಲರೂ ಎಡವುವುದು ಯಾವ ಅಂಕಿಯನ್ನು ಭಾಗಿಸಬೇಕು ಎಂಬಲ್ಲಿ. ಅದನ್ನು ಗೊತ್ತುಮಾಡಿರುವುದು ಸಂವಿಧಾನದ ತಿದ್ದುಪಡಿಗಳು.

55ನೇ ವಿಧಿಯಂತೆ ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ಎಷ್ಟು ಸಾವಿರಗಳಿವೆ ನೋಡಬೇಕು. ಜನಸಂಖ್ಯೆ ಎಂದರೆ 1971ರದು. 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. 84ನೆಯದು ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮುಂದುವರಿಸಿತು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಅದೇ ಕಾರಣಕ್ಕೆ ಮತದ ತೂಕ ಇಳಿಯಬಾರದಲ್ಲ.

ಕರ್ನಾಟಕದ್ದು ಮಾಡಿ ನೋಡಿ. 2,92,99,014 ಅನ್ನು 224ರಿಂದ ಭಾಗಿಸಿದರೆ 1,30,799. ಅಂದರೆ 130 ಸಾವಿರ, ಉಳಿಕೆ 799. ಉಳಿಕೆ 500 ಅಥವಾ ಹೆಚ್ಚಿದ್ದರೆ ಒಂದು ಸೇರಿಸಬೇಕು: 131. ಇಡೀ ರಾಜ್ಯಕ್ಕೆ 29,344. 2011ರ 6,10,95,297 ಹಾಕಿದವರಿಗೆ 273 ಬರುತ್ತದೆ, ಎರಡು ಪಟ್ಟಿಗೂ ಹೆಚ್ಚು! 225ರಿಂದ ಭಾಗಿಸುವುದು ಇನ್ನೊಂದು ತಪ್ಪು. ಆ ಒಬ್ಬರು ನಾಮಕರಣಗೊಂಡ ಆಂಗ್ಲೋ-ಇಂಡಿಯನ್ ಸದಸ್ಯರು. ಅವರಿಗೆ ಎಂದೂ ಮತವಿರಲಿಲ್ಲ, 104ನೇ ತಿದ್ದುಪಡಿಯ ನಂತರ ಆ ನಾಮಕರಣವೂ ಇಲ್ಲ. ವಿಧಾನ ಪರಿಷತ್ತಿನವರನ್ನೂ ಸೇರಿಸಬೇಡಿ. ದೆಹಲಿ ಮತ್ತು ಪುದುಚೇರಿಯ ಶಾಸಕರನ್ನು ಮಾತ್ರ ಬಿಡಬೇಡಿ, 70ನೇ ತಿದ್ದುಪಡಿ ಅವರನ್ನು ಒಳಗೆ ತಂದಿದೆ.

ಮುಂದಿನದು ಸಂಸದರ ಮತ. ಎಲ್ಲ ಶಾಸಕರ ಮತಮೌಲ್ಯ ಕೂಡಿಸಿ ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿ. 2022ರಲ್ಲಿ 5,43,231 ÷ 776, ಅಂದರೆ 700. ಜಮ್ಮು–ಕಾಶ್ಮೀರಕ್ಕೆ ಆಗ ವಿಧಾನಸಭೆ ಇರಲಿಲ್ಲವಾದ್ದರಿಂದ 2017ರ 708 ಇಷ್ಟಕ್ಕೆ ಇಳಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ: ಶಾಸಕರ ಲೆಕ್ಕದಲ್ಲಿ ಸರಿಯಾಗಿ ಅರ್ಧ ಬಂದರೂ ಒಂದು ಏರುತ್ತದೆ, ಸಂಸದರದ್ದು ಅರ್ಧವನ್ನು ದಾಟಿದರೆ ಮಾತ್ರ.

ಗೆಲುವಿನ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತಮೌಲ್ಯ ತೆಗೆಯುವಾಗ ಒಟ್ಟು ಮತಮೌಲ್ಯವನ್ನು ಅರ್ಧ ಮಾಡಬೇಡಿ. ಅಸಿಂಧು ಮತಗಳನ್ನು ಕಳೆದು, ಉಳಿದದ್ದರ ಅರ್ಧಕ್ಕೆ ಒಂದು ಸೇರಿಸಿ. 2022ರಲ್ಲಿ ಸಿಂಧುವಾದದ್ದು 10,56,980, ಕೋಟಾ 5,28,491. ದ್ರೌಪದಿ ಮುರ್ಮು ಪಡೆದದ್ದು 6,76,803, ಹಾಗಾಗಿ ಎರಡನೇ ಪ್ರಾಶಸ್ತ್ಯದ ಮತ (ಮತದಾರರು ತಮ್ಮ ಎರಡನೇ ಆಯ್ಕೆಯ ಅಭ್ಯರ್ಥಿಗೆ ಗುರುತಿಸಿದ್ದು) ಎಣಿಸುವ ಪ್ರಮೇಯವೇ ಬರಲಿಲ್ಲ.

ಒಂದಷ್ಟು ಸ್ಥಾನ ಖಾಲಿ ಇದ್ದವು ಎಂಬ ನೆಪದಲ್ಲಿ ಫಲಿತಾಂಶವನ್ನು ಪ್ರಶ್ನಿಸಲಾಗದು. 1961ರ 11ನೇ ತಿದ್ದುಪಡಿ ಆ ಬಾಗಿಲು ಮುಚ್ಚಿದೆ. ಬೇರೆ ತಕರಾರಿದ್ದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. 1975ರ 39ನೇ ತಿದ್ದುಪಡಿ ಆ ಅಧಿಕಾರವನ್ನು ಕಿತ್ತುಕೊಂಡಿತ್ತು, 44ನೆಯದು ಮರಳಿಸಿತು. ಅರ್ಜಿ ಹಾಕಲು ಅಭ್ಯರ್ಥಿಯಾಗಿರಬೇಕು, ಇಲ್ಲವೇ ಈ ಚುನಾವಣೆಯ ಕನಿಷ್ಠ 20 ಮತದಾರರು, ಅಂದರೆ ಸಂಸದರು ಅಥವಾ ಶಾಸಕರು, ಒಟ್ಟಾಗಬೇಕು. ಫಲಿತಾಂಶ ಪ್ರಕಟವಾಗಿ 30 ದಿನ ಮೀರಬಾರದು.