ಯುದ್ಧಭೂಮಿಯಲ್ಲಿ ಮರ ನೋಡುವವರ ಜೊತೆ

ಹಳೆಯ ಯುದ್ಧಭೂಮಿಗಳೆಂದರೆ ನನಗೆ ಪ್ರಾಣ. ನನ್ನ ಜೊತೆ ಬರುವ ಯಾರಿಗೂ ಆ ಒಲವಿಲ್ಲ. ಪತಿಗೆ ಮರಗಿಡ ಮತ್ತು ಬೆಳೆಗಳ ಮೇಲೆ ಆಸಕ್ತಿ, ತಂಗಿ ಟೆನಿಸ್ ಆಡುವವಳು, ಮಗನಿಗೆ ಚಿತ್ರ ಬರೆಯುವುದೊಂದೇ ಧ್ಯಾನ. ಇವರಿಗೆ ಯುದ್ಧದ ರುಚಿ ಹತ್ತಿಸಲು ನಾನು ಹೋಗುವುದಿಲ್ಲ. ಪ್ರಯಾಣಕ್ಕೆ ಮುಂಚೆ ನಕ್ಷೆ ಹಿಡಿದು ಕೂತಾಗ, ಆ ನೆಲದಲ್ಲಿ ಇವರದೇ ಆದದ್ದು ಏನಿದೆ ಎಂದು ಹುಡುಕುತ್ತೇನೆ. ಬಹಳಷ್ಟು ಕಡೆ ಏನಾದರೊಂದು ಸಿಗುತ್ತದೆ.

ನೆಪೋಲಿಯನ್ ಕೊನೆಯ ಬಾರಿ ಸೋತ ಬೆಲ್ಜಿಯಂನ ವಾಟರ್ಲೂನಲ್ಲಿ ಮೂವರಲ್ಲಿ ಇಬ್ಬರಿಗೆ ಸಿಕ್ಕಿತು. ಆ ಯುದ್ಧದ ಸ್ಮಾರಕವಾದ, ನೆತ್ತಿಯ ಮೇಲೆ ಸಿಂಹದ ಪ್ರತಿಮೆಯಿರುವ ದಿಬ್ಬದ ಬುಡದಲ್ಲೇ ಒಂದು ದುಂಡನೆಯ ಕಟ್ಟಡವಿದೆ. ಅದರ ಒಳಗೋಡೆಯ ಸುತ್ತ, 110 ಮೀಟರ್ ಉದ್ದ, 12 ಮೀಟರ್ ಎತ್ತರದ ಒಂದೇ ಚಿತ್ರ. 1912ರಲ್ಲಿ ಲೂಯಿ ದುಮೂಲ್ಯಾಂ ಬರೆದದ್ದು. ಮಗನನ್ನು ಅಲ್ಲಿ ಬಿಟ್ಟರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಪತಿಗಾಗಿ ನಾನು ಇಟ್ಟುಕೊಂಡಿದ್ದದ್ದು ಊಗೂಮೋಂ ತೋಟದಮನೆ. 1815ರ ಜೂನ್ 18ರಂದು ಇಡೀ ದಿನ ಅದರ ಗೋಡೆಗಳಿಗಾಗಿ ಕಾದಾಟ ನಡೆಯಿತು. ಆ ದಿನವನ್ನು ಕಂಡ ಚೆಸ್ಟ್‌ನಟ್ ಮರಗಳು ಅಲ್ಲಿ ಉಳಿದಿವೆ. ಅವರು ಕಾಂಡವನ್ನು ಮುಟ್ಟಿ ನೋಡುತ್ತಾ ನಿಂತರು, ನಾನು ತೋಟದ ಗೋಡೆಯಲ್ಲಿ ಬಂದೂಕಿಗೆಂದು ಕೊರೆದ ಕಿಂಡಿಗಳನ್ನು ಒಂದೊಂದಾಗಿ ನೋಡಿದೆ.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ನೆನೆಯುತ್ತೇನೆ: “ಜೂನ್ ಎಂದರೆ ಹೊಲದಲ್ಲಿ ಬೆಳೆ ನಿಂತಿರಬೇಕಲ್ಲ, ಏನಿತ್ತು?” ರೈ ಎಂಬ ಗೋಧಿಯಂಥ ಪೈರು ಇತ್ತು, ಆಳೆತ್ತರಕ್ಕೆ. ಹಿಂದಿನ ರಾತ್ರಿಯ ಮಳೆಗೆ ತೊಯ್ದು ಭಾರವಾಗಿತ್ತು. ನೆಲ ಒಣಗಲೆಂದು ನೆಪೋಲಿಯನ್ ಹೊತ್ತೇರುವವರೆಗೆ ಕಾದ. ನಡೆದು ಬರುವ ಸೈನಿಕನಿಗೆ ಆ ಪೈರಿನಾಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಇದೆಲ್ಲ ನಾನು ಓದಿ ಬಲ್ಲದ್ದೇ. ಆದರೆ ಬೆಳೆಯನ್ನು ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು, ಒದ್ದೆ ಪೈರಿನೊಳಗೆ ಸಾಲುಗಟ್ಟಿ ನಡೆಯುವುದೆಷ್ಟು ಕಷ್ಟವೆಂದು ಕೈಯಾಡಿಸಿ ತೋರಿಸಿದಾಗ ಆ ಬೆಳಗು ನನಗೆ ಮೊದಲ ಬಾರಿ ಸ್ಪಷ್ಟವಾಗಿ ಕಂಡಿತು. ಆಸಕ್ತಿ ಇಲ್ಲದವರ ಪ್ರಶ್ನೆಗಳನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀರು ಎಲ್ಲಿಂದ ಬರುತ್ತಿತ್ತು, ಸತ್ತ ಕುದುರೆಗಳನ್ನು ಏನು ಮಾಡಿದರು, ಇಲ್ಲಿನ ರೈತನಿಗೆ ಯಾರು ಪರಿಹಾರ ಕೊಟ್ಟರು ಎಂದು ಕೇಳುವವರು ಇವರೇ.

ಅದೇ ಊರಿನಲ್ಲಿ ತಂಗಿ ದಿಬ್ಬದ 226 ಮೆಟ್ಟಿಲು ಹತ್ತಿ ಇಳಿದದ್ದಷ್ಟೇ. ಅವಳ ಜಾಗ ನಾಗಾಲ್ಯಾಂಡಿನ ಕೊಹಿಮಾ. 1944ರಲ್ಲಿ ಜಪಾನಿ ಸೇನೆಯನ್ನು ತಡೆದ ಆ ಗುಡ್ಡದ ಮೇಲೆ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಕಣವಿತ್ತು. ಅಂಕಣದ ಒಂದು ಬದಿಗೆ ಒಂದು ಸೇನೆ, ಇನ್ನೊಂದು ಬದಿಗೆ ಮತ್ತೊಂದು. ಈಗ ಅದು ಯುದ್ಧ ಸ್ಮಶಾನದ ಭಾಗ. ಅಂಕಣದ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಹಾಗೆಯೇ ಉಳಿಸಿದ್ದಾರೆ. ತಂಗಿ ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ನಡೆದಳು. “ಅಕ್ಕಾ, ಇಷ್ಟೇನಾ?” ಎಂದಳು. ಇಷ್ಟೇ. ಸುಮಾರು 24 ಮೀಟರ್. ಅಷ್ಟು ದೂರದಿಂದ ಬರುವ ಚೆಂಡಿಗೆ ಎಷ್ಟು ಬೇಗ ಕೈ ಎತ್ತಬೇಕೆಂದು ಅವಳಿಗೆ ಗೊತ್ತು. ಅಂಕಣದಾಚೆಯಿಂದ ಎಸೆಯುತ್ತಿದ್ದ ಕೈಬಾಂಬಿನ ವಿಷಯ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಮಾತು ಕಡಿಮೆ ಇರಬೇಕು. ದಳಗಳ ಸಂಖ್ಯೆ, ಸೇನಾಪತಿಗಳ ವಂಶ, ತುಕಡಿಗಳ ಹೆಸರು ನನ್ನ ಟಿಪ್ಪಣಿ ಪುಸ್ತಕದಲ್ಲೇ ಇರುತ್ತವೆ. ಜೊತೆಯವರಿಗೆ ಒಂದು ಸ್ಥಳದಲ್ಲಿ ಒಬ್ಬ ಮನುಷ್ಯನ ಕಥೆ ಸಾಕು, ಅದೂ ನಿಂತಲ್ಲೇ ಮುಗಿಯುವಂಥದ್ದು. ಸ್ಕಾಟ್ಲೆಂಡಿನ ಕಲೊಡನ್‌ನಂಥ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. 1746ರ ಆ ಕದನ ಒಂದು ಗಂಟೆಯೊಳಗೆ ಮುಗಿಯಿತು. ಎರಡೂ ಪಡೆಗಳ ಸಾಲು ಎಲ್ಲಿತ್ತೆಂದು ಕೆಂಪು ಮತ್ತು ನೀಲಿ ಬಾವುಟಗಳೇ ತೋರಿಸುತ್ತವೆ. ಮೊದಲ ಮಹಾಯುದ್ಧದ, ಫ್ರಾನ್ಸಿನ ಸೋಮ್‌ನಂಥ ಮೈಲುಗಟ್ಟಲೆ ಹರಡಿದ ರಣರಂಗಕ್ಕೆ ನಾನು ಒಬ್ಬಳೇ ಹೋಗುತ್ತೇನೆ. ಎಲ್ಲರೂ ಕೂಡಿ ಹೋದ ಊರಿನಲ್ಲೂ ಒಂದು ಬೆಳಗಿನ ಹೊತ್ತು ನನ್ನದೆಂದು ಮೊದಲೇ ಮಾತಾಗಿರುತ್ತದೆ. ಅವರು ಏಳುವ ಮುಂಚೆ ನಡೆದು ಬಂದರೆ ಉಳಿದ ದಿನವಿಡೀ ನನಗೆ ಆತುರವಿರುವುದಿಲ್ಲ.

ದುಃಖದ ಜಾಗಗಳ ಬಗ್ಗೆ ಮುಂಚಿತವಾಗಿ ಹೇಳಿಬಿಡುತ್ತೇನೆ. ಅದೇ ಮಹಾಯುದ್ಧದ ಇನ್ನೊಂದು ರಣರಂಗವಾದ ಫ್ರಾನ್ಸಿನ ವೆರ್ಡನ್ ಬಳಿಯ ದುಓಮೋಂ ಅಸ್ಥಿಮಂದಿರದಲ್ಲಿ ಗುರುತು ಸಿಗದ 1,30,000 ಸೈನಿಕರ ಎಲುಬುಗಳಿವೆ, ಹೊರಗಿನ ಸಣ್ಣ ಕಿಟಕಿಗಳಿಂದ ಅವು ಕಾಣುತ್ತವೆ. ಮಗ ಬೇಡವೆಂದ, ಪತಿ ಅವನೊಡನೆ ಹೊರಗೇ ಉಳಿದರು. ಯುದ್ಧವನ್ನು ಪ್ರೀತಿಸದವರು ಅದರ ಎಲುಬನ್ನು ನೋಡಲೇಬೇಕೆಂಬ ನಿಯಮವಿಲ್ಲ. ಬೆಲ್ಜಿಯಂನ ಈಪ್ರದಲ್ಲಿರುವ ಯುದ್ಧಸ್ಮಾರಕ ಮೆನಿನ್ ದ್ವಾರಕ್ಕೆ ಮಾತ್ರ ಎಲ್ಲರನ್ನೂ ಕರೆದೊಯ್ದೆ. ಆ ಯುದ್ಧದಲ್ಲಿ ಮಡಿದು ಸಮಾಧಿಯೇ ಗೊತ್ತಿಲ್ಲದ ಸೈನಿಕರ 54,000ಕ್ಕೂ ಹೆಚ್ಚು ಹೆಸರುಗಳ ಕೆಳಗೆ ದಿನವೂ ರಾತ್ರಿ ಎಂಟಕ್ಕೆ ಕಹಳೆ ಊದುತ್ತಾರೆ. ಅಲ್ಲಿ ಭಾರತೀಯ ಸೈನಿಕರ ಹೆಸರುಗಳೂ ಇವೆ. ಮಗ ಅವುಗಳನ್ನು ತಾನಾಗಿಯೇ ಹುಡುಕಿ ಓದಿದ.

ಮುಂದಿನ ಯೋಜನೆ ಇಂಗ್ಲೆಂಡಿನಲ್ಲಿ 1066ರಲ್ಲಿ ನಡೆದ ಹೇಸ್ಟಿಂಗ್ಸ್ ಕಾಳಗದ ಜಾಗ. ಆ ಕಾಳಗವನ್ನು ಸುಮಾರು 70 ಮೀಟರ್ ಬಟ್ಟೆಯ ಮೇಲೆ ಕಸೂತಿಯಲ್ಲಿ ಹೇಳಿದ ಬಾಯೂ ಪಟದ ಚಿತ್ರಗಳನ್ನು ಮಗ ಈಗಾಗಲೇ ನಕಲು ಮಾಡುತ್ತಿದ್ದಾನೆ. ಪತಿಗೆ ರಣರಂಗದ ಇಳಿಜಾರಿನ ಹುಲ್ಲುಗಾವಲು ಇದೆ. ತಂಗಿಗೆ ಅಲ್ಲಿ ಏನೂ ಸಿಗಲಿಲ್ಲ. ಹೇಸ್ಟಿಂಗ್ಸ್ ಪಟ್ಟಣ ಸಮುದ್ರದ ದಂಡೆಯಲ್ಲಿದೆ, ಕಾಳಗ ನಡೆದದ್ದು ಅಲ್ಲಿಂದ ಸಾಕಷ್ಟು ಒಳನಾಡಿನಲ್ಲಿ. ಅವಳು ದಂಡೆಯಲ್ಲೇ ಇರುತ್ತಾಳೆ, ನಾವು ನೋಡಿಕೊಂಡು ಸಂಜೆಗೆ ಅವಳನ್ನು ಸೇರುತ್ತೇವೆ.