ವ್ಯಾಗನ್‌ಆರ್ ಅಥವಾ ಸ್ವಿಫ್ಟ್: ಒಳಗಿನ ಜಾಗ, ಸೀಟಿನ ಸುಖ ಅಳೆಯುವುದು ಹೀಗೆ

ಬ್ರೋಷರ್ ನೋಡಿದರೆ ಸ್ವಿಫ್ಟ್ ದೊಡ್ಡ ಕಾರು. 2024ರಲ್ಲಿ ಬಂದ ಸ್ವಿಫ್ಟ್ 3860 ಮಿ.ಮೀ. ಉದ್ದವಿದೆ, ವ್ಯಾಗನ್‌ಆರ್ 3655 ಮಿ.ಮೀ. ಹತ್ತಿರಹತ್ತಿರ ಒಂದು ಗೇಣು ವ್ಯತ್ಯಾಸ. ಆದರೆ ಡಿಕ್ಕಿ ತೆರೆದರೆ ಲೆಕ್ಕ ತಿರುಗುತ್ತದೆ: ವ್ಯಾಗನ್‌ಆರ್‌ನಲ್ಲಿ 341 ಲೀಟರ್, ಸ್ವಿಫ್ಟ್‌ನಲ್ಲಿ 265. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಎರಡರಲ್ಲೂ ಬಹುತೇಕ ಒಂದೇ. ವ್ಯಾಗನ್‌ಆರ್‌ದು 2435, ಸ್ವಿಫ್ಟ್‌ದು 2450 ಮಿ.ಮೀ. ಹೊರಗಿನ ಉದ್ದ ನೋಡಿ ಒಳಗಿನ ಜಾಗ ಊಹಿಸುವವರು ಇಲ್ಲೇ ಎಡವುತ್ತಾರೆ.

ಕಾರಣ ಎತ್ತರ. ವ್ಯಾಗನ್‌ಆರ್ 1675 ಮಿ.ಮೀ. ಎತ್ತರವಿದ್ದರೆ ಸ್ವಿಫ್ಟ್ 1520. ಮಣೆಯ ಮೇಲೆ ಕೂತವರಿಗೆ ಕಾಲು ಚಾಚಲು ಮುಂದೆ ಜಾಗ ಬೇಕು, ಕುರ್ಚಿಯಲ್ಲಿ ಕೂತವರ ಕಾಲು ನೇರ ಕೆಳಗಿಳಿಯುತ್ತದೆ. ಸೀಟು ಮೇಲಿದ್ದಷ್ಟೂ ಅದೇ ಉದ್ದದಲ್ಲಿ ಮಂಡಿಗೆ ಹೆಚ್ಚು ಜಾಗ ಉಳಿಯುವುದು ಹೀಗೆ. ಅಗಲದಲ್ಲಿ ಮಾತ್ರ ಸ್ವಿಫ್ಟ್ ಮುಂದು: 1735 ಮಿ.ಮೀ. ವ್ಯಾಗನ್‌ಆರ್ 1620. ಈ ಅಂಕಿಗಳು ನಿಮ್ಮ ಮನೆಯವರ ಮೈಗೆ ಹೇಗೆ ಒಗ್ಗುತ್ತವೆ ಎಂಬುದನ್ನು ಕೂತೇ ನೋಡಬೇಕು.

ಶೋರೂಮಿಗೆ ಹೊರಟಾಗ ಒಂದು ಸ್ಟೀಲ್ ಅಳತೆ ಟೇಪು, ಒಂದು ಚೀಟಿ, ಊರಿಗೆ ಹೋಗುವಾಗ ನೀವು ಒಯ್ಯುವ ಅತಿ ದೊಡ್ಡ ಸೂಟ್‌ಕೇಸ್ ಜೊತೆಗಿರಲಿ. ಮನೆಯಲ್ಲಿ ಅತಿ ಎತ್ತರದವರನ್ನೂ ಮಂಡಿನೋವಿನ ಹಿರಿಯರನ್ನೂ ಕರೆದೊಯ್ಯಿರಿ. ಎರಡೂ ಕಾರುಗಳನ್ನು ಒಂದೇ ದಿನ ನೋಡುವುದು ಒಳ್ಳೆಯದು. ಸೀಟಿನ ನೆನಪು ಮೈಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಮೊದಲು ಚಾಲಕನ ಸೀಟು

ಈ ಹೆಜ್ಜೆ ತಪ್ಪಿದರೆ ಮುಂದಿನ ಅಳತೆಯೆಲ್ಲ ವ್ಯರ್ಥ. ಶೋರೂಮಿನಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟಿದ್ದರೆ ಹಿಂದೆ ವಿಶಾಲವಾಗಿ ಕಾಣುವುದು ಸಹಜ. ಆದ್ದರಿಂದ ದಿನವೂ ಓಡಿಸುವವರು ಮೊದಲು ಕೂರಲಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಒರಗಿದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿಗೆ ತಾಗಬೇಕು. ಇಷ್ಟಾದ ಮೇಲೆ ಸೀಟು ಅಲ್ಲಾಡಿಸಬೇಡಿ.

ಇಲ್ಲೇ ಇನ್ನೊಂದು ಮಾತು. ಪ್ರದರ್ಶನಕ್ಕಿಡುವುದು ಸಾಮಾನ್ಯವಾಗಿ ಮೇಲಿನ ವೇರಿಯಂಟ್. ಸೀಟು ಎತ್ತರಿಸುವ ಲಿವರ್, ಮೇಲೆ ಕೆಳಗೆ ಸರಿಯುವ ಹೆಡ್‌ರೆಸ್ಟ್ ನೀವು ಬುಕ್ ಮಾಡುವ ವೇರಿಯಂಟ್‌ನಲ್ಲೂ ಇವೆಯೇ ಎಂದು ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ. ಕುಳ್ಳಗಿರುವ ಚಾಲಕರಿಗೆ ಎತ್ತರ ಹೊಂದಿಸಲು ಬಾರದ ಸೀಟು ದಿನನಿತ್ಯದ ಕಷ್ಟ.

ಹಿಂದಿನ ಸೀಟು

ಚಾಲಕನೇ ಇಳಿದು ತನ್ನ ಸೀಟಿನ ಹಿಂದೆ ಕೂರಲಿ. ಸೊಂಟವನ್ನು ಪೂರ್ತಿ ಹಿಂದಕ್ಕೆ ಒತ್ತಿ ಕೂತು, ಮಂಡಿಯಿಂದ ಮುಂದಿನ ಸೀಟಿನ ಬೆನ್ನಿಗೆ ಎಷ್ಟು ಅಂತರ ಎಂದು ಅಳೆಯಿರಿ. ನಾಲ್ಕು ಬೆರಳು ನಿಲ್ಲುವಷ್ಟಿದ್ದರೆ ದೂರದ ಪ್ರಯಾಣಕ್ಕೂ ಸಾಕು. ಮುಂದಿನ ಸೀಟಿನ ಕೆಳಗೆ ಪಾದ ನುಸುಳುತ್ತದೆಯೇ ಎಂದೂ ನೋಡಿ. ಪಾದ ಹೋಗದಿದ್ದರೆ ಮಂಡಿಯ ಜಾಗವಿದ್ದೂ ಕಾಲು ಕಟ್ಟಿಹಾಕಿದಂತಾಗುತ್ತದೆ.

ಆಮೇಲೆ ತೊಡೆ. ಬಹಳ ಜನ ಅಳೆಯದೆ ಬಿಡುವುದು, ಆಮೇಲೆ ಬೆನ್ನು ಹಿಡಿಯಿತು ಎನ್ನುವುದು ಇದರಿಂದಲೇ. ಸೀಟು ನೆಲಕ್ಕೆ ತೀರಾ ಹತ್ತಿರವಿದ್ದರೆ ಮಂಡಿ ಮೇಲೇಳುತ್ತದೆ, ತೊಡೆ ಸೀಟಿನಿಂದ ಬೇರ್ಪಡುತ್ತದೆ, ಭಾರವೆಲ್ಲ ಬಾಲಮೂಳೆಯ ಮೇಲೆ ಬೀಳುತ್ತದೆ. ಪಾದ ನೆಲದ ಮೇಲಿಟ್ಟು, ತೊಡೆಯ ಕೆಳಗೆ ಅಂಗೈ ತೂರಿಸಿ. ಕೈ ಮಂಡಿಯ ಹತ್ತಿರ ಮಾತ್ರ ಹೋದರೆ ಸರಿ. ಅರ್ಧ ತೊಡೆಯವರೆಗೂ ಸಲೀಸಾಗಿ ಹೋದರೆ ಆ ಸೀಟು ದೂರದ ಪ್ರಯಾಣಕ್ಕೆ ಆಗದು. ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ಎರಡು ಮೂರು ಬೆರಳಿನ ಸಂದು ಇರಲಿ. ಅದಕ್ಕಿಂತ ಕಡಿಮೆಯಾದರೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ.

ತಲೆಯ ಮೇಲಿನ ಜಾಗವನ್ನು ಕೂತ ತಕ್ಷಣ ಅಳೆಯಬೇಡಿ. ಫೋಮ್ ಇಳಿಯಲು ಹತ್ತು ನಿಮಿಷ ಕೊಡಿ. ನೆಟ್ಟಗೆ ಕೂತಾಗ ತಲೆಗೂ ಚಾವಣಿಗೂ ನಡುವೆ ಒಂದು ಮುಷ್ಟಿ ತೂರುವಷ್ಟು ಜಾಗವಿದ್ದರೆ ಸಾಕು.

ಮೂವರು ಕೂರುವುದಾದರೆ ನಿಜವಾಗಿಯೂ ಮೂವರು ಕೂತು ಬಾಗಿಲು ಹಾಕಿ. ಭುಜದ ಮಟ್ಟದಲ್ಲಿ ಬಾಗಿಲಿನಿಂದ ಬಾಗಿಲಿಗೆ ಟೇಪು ಹಿಡಿಯಿರಿ. ವ್ಯಾಗನ್‌ಆರ್‌ನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಎಂದರೆ ಹಿತ, ಮೂವರು ದೊಡ್ಡವರೆಂದರೆ ಭುಜಕ್ಕೆ ಭುಜ ತಿಕ್ಕುತ್ತದೆ. ಸ್ವಿಫ್ಟ್‌ನಲ್ಲೂ ನಡುವಿನವರಿಗೆ ರಾಜಮರ್ಯಾದೆಯೇನಿಲ್ಲ, ಆದರೆ ಒತ್ತಡ ಕಡಿಮೆ. ನಡುವೆ ಕೂತವರ ಹೆಡ್‌ರೆಸ್ಟ್, ಭುಜದ ಮೇಲಿಂದ ಬರುವ ಸೀಟ್ ಬೆಲ್ಟ್ ಮರೆಯದೆ ನೋಡಿ.

ಹತ್ತುವುದು, ಇಳಿಯುವುದು

ಹಿರಿಯರು ತಾವಾಗಿಯೇ ಹತ್ತಿ ಇಳಿಯಲಿ, ಯಾರೂ ಕೈ ಕೊಡಬೇಡಿ. ನಿಂತಾಗ ಸೀಟಿನ ಮಟ್ಟ ಅವರ ಸೊಂಟಕ್ಕೆ ಹತ್ತಿರವಿದ್ದರೆ ಪಕ್ಕಕ್ಕೆ ಸರಿದು ಕೂರಬಹುದು. ಕೆಳಗಿದ್ದರೆ ತಲೆ ಬಗ್ಗಿಸಿ ಬೀಳುವಂತೆ ಕೂರಬೇಕು, ಏಳುವಾಗ ಇಡೀ ಭಾರ ಮಂಡಿಯ ಮೇಲೆ. ಈ ಒಂದು ಪರೀಕ್ಷೆಯಲ್ಲಿ ವ್ಯಾಗನ್‌ಆರ್‌ನ ಮೇಲುಗೈ ಸ್ಪಷ್ಟ. ಮನೆಯಲ್ಲಿ ವಯಸ್ಸಾದವರಿದ್ದರೆ ಉಳಿದ ಅಳತೆಗಳಿಗಿಂತ ಇದಕ್ಕೇ ಹೆಚ್ಚು ತೂಕ ಕೊಡಬೇಕು.

ಡಿಕ್ಕಿ

ಲೀಟರ್ ಲೆಕ್ಕ ನಂಬಿ ಸುಮ್ಮನಾಗಬೇಡಿ, ಸೂಟ್‌ಕೇಸ್ ಇಟ್ಟು ಬಾಗಿಲು ಮುಚ್ಚಿ ನೋಡಿ. ಸಾಮಾನನ್ನು ಎಷ್ಟು ಎತ್ತರಕ್ಕೆ ಎತ್ತಿ ಒಳಗಿಡಬೇಕು ಎಂಬುದೂ ಗಮನಿಸಿ. ಸಿಎನ್‌ಜಿ ಮಾದರಿಯಾದರೆ ಈ 341, 265 ಎರಡೂ ಲೆಕ್ಕಕ್ಕಿಲ್ಲ. ಸಿಲಿಂಡರ್ ಹೆಚ್ಚಿನ ಜಾಗವನ್ನು ನುಂಗುತ್ತದೆ, ಸಿಎನ್‌ಜಿ ಕಾರನ್ನೇ ತೆರೆಸಿ ನೋಡಬೇಕು.

ಓಡಿಸಿ ನೋಡುವಾಗ

ಶೋರೂಮಿನ ಸುತ್ತ ಹತ್ತು ನಿಮಿಷ ಸುತ್ತಿದರೆ ಸೀಟಿನ ಗುಣ ತಿಳಿಯದು. ಮೆತ್ತನೆಯ ಸೀಟು ಮೊದಲ ಐದು ನಿಮಿಷ ಎಲ್ಲರಿಗೂ ಇಷ್ಟವಾಗುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಫೋಮ್ ಕುಸಿದು ಸೊಂಟದ ಹಿಂದೆ ಟೊಳ್ಳು ಉಳಿಯಿತೇ ಎಂಬುದು ಮುಖ್ಯ. ಬೆನ್ನಿಗೂ ಸೀಟಿಗೂ ನಡುವೆ ಸೊಂಟದ ಬಳಿ ಅಂಗೈ ಸಡಿಲವಾಗಿ ಆಡಿದರೆ ಅಲ್ಲಿ ಆಸರೆ ಇಲ್ಲವೆಂದೇ ಅರ್ಥ.

ಹೊರಡುವ ಮುನ್ನ ಟೈರಿನ ಗಾಳಿ ಪರೀಕ್ಷಿಸಿ. ಗಾಳಿ ಹೆಚ್ಚಿದ್ದರೆ ಒಳ್ಳೆಯ ಸೀಟೂ ಕುಲುಕುತ್ತದೆ, ತಪ್ಪು ಕಾರಿನದೆಂದು ತೋರುತ್ತದೆ. ಸರಿಯಾದ ಒತ್ತಡ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಎರಡೂ ಕಾರಿಗೆ ಅದರಂತೆ ಹಿಡಿಸಿ. ನಾಲ್ವರು ಕೂತು, ಅದೇ ಹಂಪ್, ಅದೇ ಕಿತ್ತುಹೋದ ರಸ್ತೆ, ಅದೇ ವೇಗದಲ್ಲಿ ಎರಡನ್ನೂ ಓಡಿಸಿ. ಒಮ್ಮೆ ಹಿಂದಿನ ಸೀಟಿನಲ್ಲೂ ಕೂತು ಬನ್ನಿ.

ಸೀಟ್ ಕವರ್

ಕಾರು ಕೈಗೆ ಬಂದ ದಿನವೇ ದಪ್ಪ ರೆಕ್ಸಿನ್ ಕವರ್ ಹಾಕಿಸುವ ರೂಢಿ ನಮ್ಮಲ್ಲಿದೆ. ಒಳಗೆ ಫೋಮ್ ತುಂಬಿದ ಕವರ್ ಮಂಡಿಯ ಜಾಗ, ತಲೆಯ ಜಾಗ ಎರಡನ್ನೂ ಕಡಿಮೆ ಮಾಡುತ್ತದೆ, ಸೀಟಿನ ಆಕಾರವನ್ನೇ ಬದಲಿಸಿಬಿಡುತ್ತದೆ. ಅಳೆದು ಆರಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಅಪಾಯ ಏರ್‌ಬ್ಯಾಗ್‌ನದು. ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಮುಂದಿನ ಸೀಟಿನ ಬದಿಯಲ್ಲೇ ಹುದುಗಿರುತ್ತದೆ. ಗಟ್ಟಿ ಹೊಲಿಗೆಯ ಕವರ್ ಅದನ್ನು ಸಮಯಕ್ಕೆ ತೆರೆಯಗೊಡದು. ಕವರ್ ಬೇಕೇ ಬೇಕು ಎಂದಾದರೆ ತೆಳುವಾದದ್ದನ್ನು, ಏರ್‌ಬ್ಯಾಗ್ ಬದಿಯಲ್ಲಿ ತೆರಪು ಬಿಟ್ಟದ್ದನ್ನು ಕೇಳಿ ಹಾಕಿಸಿ.