ಕೋಂಬಿ ಮೂರನೇ ಸಿಲಿಂಡರ್ ಕಂಪ್ರೆಷನ್: ಎಂಜಿನ್ ಬಿಚ್ಚೋಕೆ ಮುಂಚೆನೇ ಹಿಡಿದಿದ್ದು (ನನ್ನ ಅನುಭವ)

ನನ್ನ ಗಾಡಿ ದಮ್ಮಿಲ್ಲದೆ ಏದುಸಿರು ಬಿಡ್ತಿತ್ತು, ಮೂರನೇ ಸಿಲಿಂಡರಲ್ಲಿ ಕಂಪ್ರೆಷನ್ (ಪಿಸ್ಟನ್ ಗಾಳಿ ಅದುಮಿದಾಗ ಬರೋ ಒತ್ತಡ) ಕಮ್ಮಿ. ಮೈಸೂರಲ್ಲಿ ಬನ್ನಿಮಂಟಪದಿಂದ ಮೇಟಗಳ್ಳಿ ತನಕ ಕೇಳಿದ ಗ್ಯಾರೇಜಲ್ಲೆಲ್ಲ ಒಂದೇ ಮಾತು, "ಸಾರ್ ರಿಂಗ್ ಹೋಗಿದೆ, ಬ್ಲಾಕ್-ಪಿಸ್ಟನ್ ಸೆಟ್ ತರ್ಸಿಬಿಡಿ." ರಿಂಗ್ ಅಂದ್ರೆ ಪಿಸ್ಟನ್ ಸುತ್ತ ಗಾಳಿ ಸೋರದ ಹಂಗೆ ಹಿಡಿಯೋ ಬಳೆ. ಗಾಡಿ 1969ರ ಫೋಕ್ಸ್‌ವ್ಯಾಗನ್ ಕೋಂಬಿ ವ್ಯಾನು, 1600 ಸಿಸಿ ಸಿಂಗಲ್ ಪೋರ್ಟ್ ಎಂಜಿನ್ನು (ಎರಡು ಸಿಲಿಂಡರಿಗೆ ಒಂದೇ ಗಾಳಿ ದಾರಿ), ಆಯಿಲ್ ಕೂಲರ್ ಫ್ಯಾನ್ ಹೌಸಿಂಗ್ ಒಳಗೇ ಕೂತಿರೋ ಹಳೇ ಟೈಪು. ನಾಲ್ಕು ಬ್ಯಾರಲ್ (ಪಿಸ್ಟನ್ ಓಡಾಡೋ ಸಿಲಿಂಡರ್ ಕೊಳವೆ) ಪಿಸ್ಟನ್ ಹೊರಗಿಂದ ತರಿಸೋದು ಅಂದ್ರೆ ಕೊರಿಯರ್ರು ಡ್ಯೂಟಿ ಸೇರಿ ಐವತ್ತು ಸಾವಿರದ ಮೇಲೆ, ಆಮೇಲೆ ಲೇಬರ್, ಹೆಂಗೂ ಬಿಚ್ಚಿದೀವಲ್ಲ ಅಂತ ಹಾಕೋ ಬೇರಿಂಗು ಅದು ಇದು, ಒಬ್ರು ಕೊಟ್ಟ ಎಸ್ಟಿಮೇಟು ಒಂದು ಲಕ್ಷದ ಇಪ್ಪತ್ತು ಸಾವಿರ. ನಾನು ಮುಗಿಸಿದ್ದು ಹತ್ತು ಸಾವಿರದ ಆಸುಪಾಸಲ್ಲಿ, ಒಂದೂ ಬ್ಯಾರಲ್ ಬದಲಾಯಿಸದೆ. ಅದಕ್ಕೇ ಬರೀತಿದೀನಿ.

ಮೊದಲು ಕಂಪ್ರೆಷನ್ ಅಳೆಯೋ ಗೇಜ್ ವಿಷಯ. ರಬ್ಬರ್ ಕೋನ್ ಒತ್ತಿ ಹಿಡಿಯೋ ಗೇಜು ಈ ಎಂಜಿನ್ನಿಗೆ ದಂಡ, ಪ್ಲಗ್ಗು ತಗಡಿನ ಒಳಗೆ ಓರೆಯಾಗಿ ಕೂತಿರುತ್ತೆ, ಕೈ ನೆಟ್ಟಗೆ ಹೋಗಲ್ಲ, ಪ್ರತಿ ಸಲ ಬೇರೆ ನಂಬರ್. 14 ಎಂಎಂ ಥ್ರೆಡ್ ಇರೋ ಹೋಸ್ ಗೇಜೇ ಬೇಕು. ಅದರಲ್ಲೂ ಒಂದು ಗುಂಡಿ ಇದೆ. ಹೋಸ್ ತುದೀಲಿರೋ ಪುಟಾಣಿ ವಾಲ್ವು ಹಾಳಾದ್ರೆ ಅಂಗಡಿಯವ್ರು ಟೈರ್ ವಾಲ್ವ್ ಪಿನ್ ಹಾಕಿ ಕೊಡ್ತಾರೆ, ನೋಡೋಕೆ ಎರಡೂ ಒಂದೇ ಥರ ಇರುತ್ತೆ, ಆದ್ರೆ ಟೈರ್ ಪಿನ್ನಿನ ಸ್ಪ್ರಿಂಗ್ ಗಟ್ಟಿ, ಎಲ್ಲಾ ಸಿಲಿಂಡರೂ ಕಮ್ಮಿ ತೋರ್ಸುತ್ತೆ. ಹಂಗೆ ಎಲ್ಲಾ ಕಮ್ಮಿ ಬಂದ ಗೇಜ್ ನಂಬ್ಕೊಂಡು ಎಂಜಿನ್ ಇಳಿಸಿದವ್ರು ಇದಾರೆ, ನನಗೆ ಗೊತ್ತು.

ಇನ್ನೊಂದು, ಕಂಪನಿ ಬುಕ್ಕಲ್ಲಿರೋ ಕಂಪ್ರೆಷನ್ ನಂಬರ್ರು ಮೈಸೂರಿಗಲ್ಲ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಗಾಳಿ ಒತ್ತಡ ಹೆಚ್ಚುಕಮ್ಮಿ 8 ಪರ್ಸೆಂಟ್ ಕಮ್ಮಿ, ಸಿಲಿಂಡರ್ ಎಳ್ಕೊಳೋ ಗಾಳೀನೂ ಅಷ್ಟೇ ಕಮ್ಮಿ. ಮಂಗಳೂರಲ್ಲಿ 120 ಪಿಎಸ್ಐ ತೋರ್ಸೋ ಎಂಜಿನ್ನು ಇಲ್ಲಿ 110 ತೋರಿಸಿದ್ರೆ ಏನೂ ರೋಗ ಇಲ್ಲ. ಈ ಲೆಕ್ಕ ಹಾಕೋ ಮೆಕ್ಯಾನಿಕ್ಕನ್ನ ನಾನಂತೂ ಇಲ್ಲಿ ನೋಡಿಲ್ಲ.

ಎಂಜಿನ್ ಬಿಸಿ ಇದ್ದಾಗ, ಥ್ರಾಟಲ್ ಪೂರ್ತಿ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದೆ. 1, 2, 4 ಎಲ್ಲಾ 105ರ ಆಚೆ ಈಚೆ, ಮೂರನೇದು ಮಾತ್ರ 65. ಅಲ್ಲಿಗೆ ಗ್ಯಾರೇಜಣ್ಣ ಎರಡು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಲ್ಲಿ ಬಿಟ್ಟು ಇನ್ನೊಂದ್ಸಲ ಹೊಡೆಸಿದ್ರು, 80 ದಾಟ್ತು. "ನೋಡಿ, ರಿಂಗೇ!" ಅಂದ್ರು. ನಾನು ಒಪ್ಪಲಿಲ್ಲ, ಈಗ್ಲೂ ಒಪ್ಪಲ್ಲ. ನೆಟ್ಟಗೆ ನಿಂತಿರೋ ಸಿಲಿಂಡರಾದ್ರೆ ಎಣ್ಣೆ ಸುತ್ತ ಹರಡಿ ರಿಂಗ್ ಸೀಲ್ ಮಾಡುತ್ತೆ, ಕೋಂಬೀಲಿ ಸಿಲಿಂಡರ್ ಮಲಗಿದೆ, ಎಣ್ಣೆ ಎಲ್ಲಾ ಕೆಳಗಡೆ ನಿಲ್ಲುತ್ತೆ, ಮೇಲಿನ ಅರ್ಧ ಒಣಗೇ ಇರುತ್ತೆ. ಹಂಗಾದ್ರೆ ನಂಬರ್ ಏರಿದ್ದು ಹೆಂಗೆ? ಒಂದು ಸಿಲಿಂಡರ್ 396 ಸಿಸಿ, ಕಂಪ್ರೆಷನ್ ರೇಷಿಯೋ (ಗಾಳಿ ಎಷ್ಟು ಪಟ್ಟು ಕುಗ್ಗುತ್ತೆ ಅನ್ನೋದು) 7.5ರ ಆಸುಪಾಸು ಅಂದ್ರೆ ಪಿಸ್ಟನ್ ತುದಿಗೆ ಬಂದಾಗ ಉಳಿಯೋ ಜಾಗ ಸುಮಾರು 60 ಸಿಸಿ ಅಷ್ಟೇ. ಅದರಲ್ಲಿ 10 ಸಿಸಿ ಎಣ್ಣೆ ಕೂತ್ರೆ ರೇಷಿಯೋ 9ರ ಹತ್ರ ಹೋಗುತ್ತೆ, ರಿಂಗು ಹೆಂಗಾದ್ರೂ ಇರ್ಲಿ ಗೇಜು ಮೇಲೇಳಲೇಬೇಕು.

ನನಗೆ ಅನುಮಾನ ಇದ್ದಿದ್ದು ಬೇರೆ ಕಡೆ. ಮೂರರ ಎಕ್ಸಾಸ್ಟ್ ಟ್ಯಾಪೆಟ್ (ಹೊಗೆ ಬಿಡೋ ವಾಲ್ವಿನ ತುದೀಲಿರೋ ಸಂದು) 6 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಆರು ಪಾಲು, ಇಟ್ರೆ ನಾನೂರು ಐನೂರು ಕಿಲೋಮೀಟ್ರಲ್ಲಿ ಫಿಲ್ಲರ್ (ಸಂದು ಅಳೆಯೋ ತೆಳು ತಗಡು) ತೂರ್ತಾನೇ ಇರಲಿಲ್ಲ. ಟ್ಯಾಪೆಟ್ ಬಿಗಿ ಆಗ್ತಾ ಹೋದ್ರೆ ವಾಲ್ವ್ ಎಳೀತಿದೆ ಇಲ್ಲ ಸೀಟ್ ಒಳಗೆ ಇಳೀತಿದೆ. ಅದೇ ಸಡಿಲ ಆಗ್ತಾ ಹೋದ್ರೆ ಹೆಡ್ (ಸಿಲಿಂಡರ್ ಮುಚ್ಚಳ) ಹಿಡಿದಿರೋ ಸ್ಟಡ್ಡು ಎಂಜಿನ್ ಕೇಸಿಂದ ಕಿತ್ಕೊಂಡು ಬರ್ತಿರಬಹುದು, ಅದು ಬೇರೆ ಕಾಯಿಲೆ. ಈ ಮಾಡೆಲಲ್ಲಿ ಮೂರನೇ ಸಿಲಿಂಡರಿಗೆ ಕೂಲರ್ ಅಡ್ಡ ಬಂದು ಬಿಸಿ ಗಾಳಿ ಬೀಳುತ್ತೆ, ಮೊದಲು ಸಾಯೋದೇ ಅದು. ಕಂಪನಿಯವ್ರೇ 1971ರ ಮಾಡೆಲಿಂದ ಕೂಲರ್ ಆಚೆ ಹಾಕಿದ್ರು.

ಅನುಮಾನ ಅಂದ್ರೆ ಸಾಲ್ದು, ತೋರಿಸ್ಬೇಕಲ್ಲ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು, ಎಲ್ಲಿಂದ ಸೋರುತ್ತೆ ಅಂತ ನೋಡೋ ಲೀಕ್ ಡೌನ್ ಟೆಸ್ಟರ್ ನಾನೇ ಮಾಡ್ಕೊಂಡೆ. ಎರಡು ಗೇಜು, ಒಂದು ರೆಗ್ಯುಲೇಟ್ರು, ಮಧ್ಯ ಒಂದು ಎಂಎಂ ತೂತಿನ ಹಿತ್ತಾಳೆ ಜೆಟ್ಟು, ಗೇಜಿನ ಹೋಸ್ ವಾಲ್ವ್ ಪಿನ್ ತೆಗೆದು ಅದನ್ನೇ ಹಾಕಿದೆ, ಖರ್ಚು ಸಾವಿರದ ಎಂಟುನೂರೋ ಏನೋ. ಎರಡು ಗೇಜೂ ಒಂದಕ್ಕೊಂದು ತಾಳೆ ಆಗೋ ಹಂಗೆ ಮಾಡಕ್ಕೆ ಒಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಬಹಳ ತಲೆ ಕೆಡಿಸ್ಕೊಂಡು ಕಂಡ್ಕೊಂಡಿದ್ದು. ಗಾಳಿ ಪಂಕ್ಚರ್ ಅಂಗಡಿ ಕಂಪ್ರೆಸರಿಂದ. ಮಂಡ್ಯದ ನನ್ನ ಗೆಳೆಯ, ಟ್ರ್ಯಾಕ್ಟರ್ ಎಂಜಿನ್ ಎಲ್ಲಾ ಬಿಚ್ಚಿ ಹಾಕಿದವ್ನು, ಪಕ್ಕದಲ್ಲೇ ನಿಂತು "ಸುಮ್ನೆ ಬಿಚ್ಲಾ, ಗಾಳಿ ತುಂಬುದ್ರೆ ಎಂಜಿನ್ ಮಾತಾಡ್ತದಾ?" ಅಂತಿದ್ದ.

ಮೂರನೇ ಪಿಸ್ಟನ್ನನ್ನ ಎರಡೂ ವಾಲ್ವ್ ಮುಚ್ಚಿರೋ ಟಾಪಿಗೆ ತಂದು, ಟಾಪ್ ಗೇರಿಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆದು 80 ಪಿಎಸ್ಐ ಬಿಟ್ಟೆ. ಪುಲ್ಲಿ ಮೇಲೆ 30ರ ಸ್ಪ್ಯಾನರ್ ಬಿಡಬೇಡಿ, ಕ್ರ್ಯಾಂಕ್ ಒಂಚೂರು ತಪ್ಪಿದ್ರೂ ಹಾರಿ ಬಂದು ಮುಖಕ್ಕೆ ಬಡಿಯುತ್ತೆ. ಉಳಿದ ಮೂರೂ 10, 12 ಪರ್ಸೆಂಟ್ ಲೀಕು, ಹಳೇ ಎಂಜಿನ್ನಿಗೆ ಚಿನ್ನ. ಮೂರನೇದು 45ರ ಮೇಲೆ. ಆಯಿಲ್ ಹಾಕೋ ಬಾಯಿಗೆ ಕಿವಿ ಕೊಟ್ರೆ ಬೇರೆ ಸಿಲಿಂಡರಷ್ಟೇ ಸದ್ದು, ರಿಂಗ್ ಸೋರಿದ್ರೆ ಗಾಳಿ ಅಲ್ಲಿಗೇ ಬರಬೇಕಿತ್ತು, ಅಂದ್ರೆ ರಿಂಗಲ್ಲ. ಕಾರ್ಬುರೇಟ್ರಿಗೆ ಪೈಪ್ ಇಟ್ಟು ಕೇಳ್ದೆ, ಏನೂ ಇಲ್ಲ, ಇಂಟೇಕ್ ವಾಲ್ವೂ ಅಲ್ಲ. ಬ್ಯಾರಲ್ಲು ಹೆಡ್ಡು ಸೇರೋ ಕಡೆ ಸೋಪ್ ನೀರು, ಗುಳ್ಳೆ ಬರಲಿಲ್ಲ. ಸೈಲೆನ್ಸರ್ ಬಾಯಲ್ಲಿ ಬುಸ್ಸ್ ಅಂತ. ಒಂದು ಊದುಬತ್ತಿ ಹಚ್ಚಿ ಹಿಡಿದೆ, ಹೊಗೆ ಮಾರುದ್ದ ಹಾರಿ ಹೋಯ್ತು, ಕಾರ್ಬುರೇಟ್ರ ಕಡೆ ಬೆಂಕಿ ತರಬೇಡಿ ಮತ್ತೆ. ಗೆಳೆಯ ಬಗ್ಗಿ ನೋಡಿ "ಥೂ, ವಾಲ್ವೇ ಕನ್ಲಾ" ಅಂದ.

ಎಂಜಿನ್ ಇಳಿಸಿ ಆ ಕಡೆ ಹೆಡ್ ಒಂದೇ ತೆಗೆದೆ. ಮೂರರ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು ಕಚ್ಚು ಬಿದ್ದಿತ್ತು, ಗೈಡ್ (ವಾಲ್ವ್ ಓಡಾಡೋ ಕೊಳವೆ) ಸವೆದು ವಾಲ್ವ್ ಅಲ್ಲಾಡ್ತಿತ್ತು. ಪ್ಲಗ್ ತೂತಿಂದ ಸೀಟ್ ಕಡೆ ಕ್ರ್ಯಾಕ್ ಇದ್ರೆ ಹೆಡ್ಡೇ ಹೋಯ್ತು ಅಂತ ಅದೊಂದೇ ಭಯ, ಇರಲಿಲ್ಲ. ಹೆಡ್ಡಿನ ಎರಡೂ ಎಕ್ಸಾಸ್ಟ್ ವಾಲ್ವು, ಗೈಡು, ಸೀಟ್ ಕಟಿಂಗ್, ಗ್ಯಾಸ್ಕೆಟ್ಟು, ಪುಶ್‌ರಾಡ್ ಟ್ಯೂಬ್ ಸೀಲು ಎಲ್ಲಾ ಸೇರಿ ಎಂಟು ಸಾವಿರ ಚಿಲ್ಲರೆ. ಫಿಟ್ಟಿಂಗಲ್ಲಿ ಒಂದೇ ಮಾತು: 10 ಎಂಎಂ ಸ್ಟಡ್ಡಿಗೆ 23 ಫುಟ್ ಪೌಂಡು ಬಿಗಿ, ಅಷ್ಟೇ. ಕೇಸು ಮೆಗ್ನೀಷಿಯಂದು, ಲಾರಿ ಹೆಡ್ಡಿನ ಥರ ಎಳೆದ್ರೆ ಥ್ರೆಡ್ಡೇ ಆಚೆ ಬರುತ್ತೆ.

ಇದೇ ಟೆಸ್ಟರ್ ಡಬ್ಬ ಇಟ್ಕೊಂಡು ಒಬ್ಬ ಸ್ನೇಹಿತನ ಯೆಜ್ಡಿ ರೋಡ್‌ಕಿಂಗ್ ಬೈಕೂ ನೋಡಿದೆ. ಯಾದವಗಿರಿ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿದ್ರೂ ಆ ಗಾಡಿ ಇಲ್ಲಿ ಮನೆಮನೇಲಿದೆ. ಅದು ಟೂ ಸ್ಟ್ರೋಕು, 80 ಬಿಡಬಾರದು. ಪೋರ್ಟುಗಳಿಗೆ ಹಳೇ ಟ್ಯೂಬ್ ರಬ್ಬರ್ ಕಟ್ಟಿ ಬರೀ 5, 6 ಪಿಎಸ್ಐ, ಮ್ಯಾಗ್ನೆಟ್ ಹಿಂದೆ ಸೋಪ್ ನೀರು ಬಿಟ್ರೆ ಕ್ರ್ಯಾಂಕ್ ಸೀಲಲ್ಲಿ ಗುಳ್ಳೆ. ಅವನಿಗೂ ಗ್ಯಾರೇಜಲ್ಲಿ ಬೋರ್ ಮಾಡ್ಸಿ (ಸಿಲಿಂಡರ್ ಕೊರೆಸಿ) ಅಂದಿದ್ರು, ಹೋಗಿದ್ದು ಸೀಲು.

ಕೋಂಬಿ ಈಗ ಮೂರನೇದರಲ್ಲಿ 104, 105 ತೋರಿಸ್ತಿದೆ, ಲೀಕು 9 ಪರ್ಸೆಂಟೋ ಏನೋ. ಚಾಮುಂಡಿ ಬೆಟ್ಟಕ್ಕೆ ಫಸ್ಟ್ ಗೇರಲ್ಲಿ ಏದುಸಿರು ಬಿಡ್ತಿದ್ದ ಗಾಡಿ ಜನ ತುಂಬ್ಕೊಂಡು ಸೆಕೆಂಡಲ್ಲೇ ಹತ್ತುತ್ತೆ. ಆರುನೂರು ಕಿಲೋಮೀಟ್ರಾದ್ಮೇಲೆ ಟ್ಯಾಪೆಟ್ ಕವರ್ ತೆಗೆದೆ, 6 ಥೌ ಇಟ್ಟಿದ್ದು 6 ಥೌನಲ್ಲೇ ಇದೆ.